ಬಸವಣ್ಣೆಪ್ಪನ ತಲೆಗೆ ಸುಣ್ಣ

ಸಾವಿರದ ಒಂಬೈನೂರ ಐವತ್ತೆಂಟರ ಮಾತು. ಸವಣೂರಿನ ವೀಳ್ಯದೆಲೆ ಅಂಗಡಿ ಬಸವಣ್ಣೆಪ್ಪನ ತಲೆಗೂದಲನ್ನು ದೇವರು ಸಿಟ್ಟಿನಲ್ಲಿದ್ದಾಗ ಹೆಣೆದಿರಬೇಕು. ಒಳಗೆ ಹೋದ ಬಾಚಣಿಗೆ ಹಲ್ಲು ಕಳೆದುಕೊಂಡೇ ಹೊರಗೆ ಬರುತ್ತಿತ್ತು. ಆ ಗುಂಗುರು ನೋಡಿ ಶಿಗ್ಗಾಂವಿಯ ಹೆಣ್ಣು ಕಿಸಕ್ಕನೆ ನಕ್ಕಿದ್ದಳು. ತಡಸದವರು ಮರಳಿ ಸುದ್ದಿಯನ್ನೇ ಕಳಿಸಿರಲಿಲ್ಲ. ಈಗ ಹಾನಗಲ್ಲಿನ ಹಾಲವ್ವನ ಸಂಬಂಧ ಬಂದಿತ್ತು. ಆಕೆಯನ್ನು ಸಂತೆಯಲ್ಲಿ ಒಮ್ಮೆ ಕಂಡಾಗಿನಿಂದ ಅವನಿಗೆ ಎಲೆ ಎಣಿಸುವುದೇ ತಪ್ಪುತ್ತಿತ್ತು. ಇದೂ ಮುರಿದರೆ ತಾನು ಬದುಕಿದ್ದೇ ದಂಡ ಎಂದುಕೊಂಡಿದ್ದ.

ಮುಂಬೈಗೆ ಹೋಗಿಬಂದ ಗೆಳೆಯ ದಿಲಾವರ ಒಂದು ಸುದ್ದಿ ತಂದ. "ಅಲ್ಲಿ ಕೂದಲಾ ನೆಟ್ಟಗ ಮಾಡಾಕ ಒಂದು ಔಷಧ ಹಚ್ಚತಾರ. ಮೂಗಿಗೆ ಬಡಿಯೋ ವಾಸನಿ, ಥೇಟ್ ಸುಣ್ಣ-ಸೋಡಾ ಕಲಿಸಿದಂಗ. ಆದ್ರ ಒಬ್ಬಾಂವಂದು ಕಿವಿ ಮ್ಯಾಲಿನ ಚರ್ಮಾನ ಸುಲದಿತ್ತಪಾ!"

ಬಸವಣ್ಣೆಪ್ಪ ಅರ್ಧವನ್ನಷ್ಟೇ ಕೇಳಿಸಿಕೊಂಡ. ಅಂಗಡಿಯಲ್ಲಿ ಸುಣ್ಣ ಗಡಿಗೆಗಟ್ಟಲೆ ಇತ್ತು, ಬಟ್ಟೆ ಒಗೆಯುವ ಸೋಡಾ ಮನೆಯಲ್ಲಿತ್ತು. "ಸುಣ್ಣ ಹೆಚ್ಚಾದ್ರ ಬಾಯಿ ಸುಡತೈತ್ರಿ, ನೋಡಿ ಹಚ್ಚಿಕೊಳ್ರಿ" ಎಂದು ದಿನವೂ ಗಿರಾಕಿಗಳಿಗೆ ಹೇಳುವ ಈ ಮಹಾರಾಯ ಎರಡನ್ನೂ ಕಲಸಿ ತಲೆಗೆ ಮೆತ್ತಿಕೊಂಡ.

ಮೊದಲು ತಣ್ಣಗಿತ್ತು. ಆಮೇಲೆ ಚುರುಚುರು. ನೆಟ್ಟಗಾಗುತ್ತಿದೆ ಎಂದುಕೊಂಡು ಹಲ್ಲು ಕಚ್ಚಿ ಕುಳಿತ. ಕೊನೆಗೆ "ಯವ್ವಾ, ಸತ್ತೆವ್ವೋ!" ಎನ್ನುತ್ತ ಹಿತ್ತಲಿಗೆ ಓಡಿ ಎಮ್ಮೆ ನೀರು ಕುಡಿಯುವ ಬಾನಿಗೆ ತಲೆ ಅದ್ದಿದ. ತಾಯಿ ಸರೋಜವ್ವ ಕೊಡಗಟ್ಟಲೆ ನೀರು ಸುರಿದಳು. ಕೂದಲು ಮುದ್ದೆಮುದ್ದೆಯಾಗಿ ಮೋರಿ ಸೇರಿತು.

"ಕೆಳಗ ಇಳಿದಿದ್ರ ಕಣ್ಣ ಹೋಗ್ತಿದ್ವಲ್ಲೋ ಹುಚ್ಚಪ್ಪಾ! ಆಮ್ಯಾಲ ಹಾಲವ್ವನ ಮುಖಾ ಹ್ಯಾಂಗ ನೋಡಾಂವಿದ್ದಿ?" ಎಂದು ಬೈಯುತ್ತಲೇ ಅತ್ತಳು. ದವಾಖಾನೆಯ ಡಾಕ್ಟರೂ ಚೆನ್ನಾಗಿ ಬೈದು, ಉಳಿದದ್ದನ್ನು ಬೋಳಿಸಿ ಮುಲಾಮು ಹಚ್ಚಿಸಿದರು.

ಗಾಯ ಮಾಯುವ ಹೊತ್ತಿಗೆ ಹೆಣ್ಣು ನೋಡುವ ದಿನ ಬಂತು. ರುಮಾಲು ಬಿಗಿದುಕೊಂಡು ಹಾನಗಲ್ಲಿಗೆ ಹೋದ. ಹಾಲವ್ವನ ಅಜ್ಜಿ ಹೊಳೆವ್ವ, ಸುಳಿ ನೋಡದೆ ಎತ್ತಿನ ಹಗ್ಗವನ್ನೂ ಹಿಡಿದವಳಲ್ಲ. "ರುಮಾಲ ತಗೀಪಾ ತಮ್ಮಾ, ತಲಿ ಸುಳಿ ನೋಡಬೇಕು" ಎಂದಳು. ತೆಗೆಯದೆ ವಿಧಿಯಿರಲಿಲ್ಲ. ಬುರುಡೆಯ ಒಂದು ಬದಿಗೆ ಕೆಂಪು ಕಲೆ; ಈಗಷ್ಟೇ ಚಿಗುರುತ್ತಿದ್ದ ಕೂದಲಲ್ಲಿ ಒಂದಲ್ಲ, ಎರಡು ಸುಳಿ! ಕೂಸಿದ್ದಾಗ ಜವಳ ತೆಗೆಸಿದ ಮೇಲೆ ಅವನ್ನು ಯಾರೂ ಕಂಡಿರಲಿಲ್ಲ.

"ಎರಡು ಸುಳಿಯಾಂವಗ ಎರಡು ಲಗ್ನ ತಪ್ಪಿದ್ದಲ್ಲ. ಈ ಸಂಬಂಧ ಬ್ಯಾಡ" ಎಂದು ಮುದುಕಿ ಎದ್ದೇಬಿಟ್ಟಳು.

ಬಸವಣ್ಣೆಪ್ಪ ಮುದುಕಿಗೆ ಅಡ್ಡ ನಿಂತ. ಸುಣ್ಣ, ಸೋಡಾ, ಎಮ್ಮೆಯ ಬಾನಿ, ಎಲ್ಲವನ್ನೂ ಹೇಳಿಬಿಟ್ಟ. "ನಿಮ್ಮ ಮೊಮ್ಮಗಳಿಗೆ ಚಂದ ಕಾಣಬೇಕಂತ ಹಚ್ಚಿಕೊಂಡಿದ್ನಿರಿ. ಇದ್ದ ಚಂದಾನೂ ಹೋತು."

ಬಾಗಿಲ ಮರೆಯಲ್ಲಿ ಬಳೆ ಸದ್ದಾಯಿತು. ಹಾಲವ್ವ ನಗು ತಡೆಯಲಾರದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಎರಡು ಲಗ್ನ ಇದ್ರ ಇರ್ಲಿ ಬಿಡ ಆಯಿ. ಎರಡೂ ನನ್ನ ಕೂಡನ ಆಗಲಿ" ಎಂದಳು.

ಹಾಗೇ ಆಯಿತು. ಅಕ್ಷತೆ ಬಿದ್ದ ಮೇಲೆ ತಾಳಿ ಬಿಚ್ಚಿಸಿ ಮತ್ತೊಮ್ಮೆ ಕಟ್ಟಿಸಿದರು. ಕೂದಲು ಗುಂಗುರಾಗಿಯೇ ಮರಳಿ ಬಂತು, ಸುಟ್ಟ ಜಾಗವೊಂದನ್ನು ಬಿಟ್ಟು. ಅಂದಿನಿಂದ ಗಿರಾಕಿಗಳಿಗೆ ಸುಣ್ಣ ಕೊಡುವಾಗ ಅವನು ಬುದ್ಧಿಮಾತು ಹೇಳುವುದನ್ನು ಬಿಟ್ಟ. ಸುಮ್ಮನೆ ಟೊಪ್ಪಿಗೆ ಎತ್ತಿ ತೋರಿಸುತ್ತಿದ್ದ.