ಹತ್ತು ಮಾರು ಹಗ್ಗ

ಐವತ್ತು ಮಾರು ಇಳಿಜಾರಿಗೆ ಹತ್ತು ಮಾರು ಹಗ್ಗ ಸಾಲುತ್ತದೆಯೇ, ಹೇಳಿ ನೋಡೋಣ? ನಗುತ್ತೀರಿ, ನಗಿ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ. ದೆವ್ವ, ಪವಾಡ ಯಾವುದನ್ನೂ ನಂಬಿದವಳಲ್ಲ. ಮೊಮ್ಮಗಳು ಫೋನಿನಲ್ಲಿ ಟೈಪ್ ಮಾಡಲು ಕಲಿಸಿ ವಾರವಾಯಿತು. ಮೊದಲು ಇದನ್ನೇ ಬರೆಯುತ್ತಿದ್ದೇನೆ.

ನಿಜಾಮರ ಕಾಲ. ನನಗೆ ಹನ್ನೊಂದು ವರ್ಷ. ನಾರಾಯಣಪೇಟೆಯಲ್ಲಿ ಸೀರೆ ನೇಯುತ್ತಿದ್ದ ಅಪ್ಪನಿಗೆ ಗದ್ವಾಲದಲ್ಲಿ ಕೆಲಸ ಸಿಕ್ಕಿತು. ಎರಡು ಬಂಡಿ ಹೊರಟವು. ಮುಂದಿನದರಲ್ಲಿ ಬಾಣಂತಿ ಅವ್ವ ಮತ್ತು ಹದಿನೈದು ದಿನದ ಕೂಸು, ಹಿಂದಿನದರಲ್ಲಿ ಬಿಚ್ಚಿದ ಮಗ್ಗ. ಮಕ್ತಲ್ ದಾಟಿದ ಮೇಲೆ ಹಿಂದಿನ ಬಂಡಿಯ ಎತ್ತೊಂದು ಕುಂಟತೊಡಗಿತು. ಅಪ್ಪ ಆ ಜೋಡಿಯನ್ನು ಒಂದು ಹಳ್ಳಿಯಲ್ಲಿ ಬಿಟ್ಟು, ಆ ಬಂಡಿಯನ್ನು ಮುಂದಿನ ಬಂಡಿಯ ಬೆನ್ನಿಗೆ ಕಟ್ಟಿದ. ಸಪಾಟು ದಾರಿಯಲ್ಲಿ ಚೆನ್ನಾಗಿಯೇ ಬಂತು.

ಮಧ್ಯಾಹ್ನ ಕೃಷ್ಣೆಯ ದಂಡೆ ಮುಟ್ಟಿದೆವು. ಅಲ್ಲಿಂದ ಹೊಳೆಯ ಮರಳಿನವರೆಗೆ ಐವತ್ತು ಮಾರು ದಾರಿ ನೇರ ಕೆಳಕ್ಕೆ ಬಿದ್ದಿತ್ತು. ಹಿಂದಿನ ಬಂಡಿ ದಬ್ಬಿದರೆ ಎತ್ತುಗಳು ಓಡುತ್ತವೆ, ಅವ್ವನ ಬಂಡಿ ಮಗುಚುತ್ತದೆ. ಅವಳಿಗೋ ಎದ್ದು ಕೂರಲಾಗದಷ್ಟು ಜ್ವರ. ನೀರು ಏರುತ್ತಿತ್ತು; ದೋಣಿ ಇನ್ನೊಂದೇ ಸಲ ದಾಟುವುದಿತ್ತು.

"ಅಣ್ಣಾ, ಆ ಕಟ್ಟಿಗಿ ಇಲ್ಲೇ ಬಿಡ್ರಿ, ಬಾಣಂತಿನ್ನ ಉಳಿಸ್ಕೋರಿ," ಎಂದ ದೋಣಿಯವ.

"ಮಗ್ಗ ಬಿಟ್ಟು ಹೋಗಿ ಗದ್ವಾಲದಾಗ ಏನ ನೇಯಲಿ? ನಿನ್ನ ಮೀಸಿನೇನು?" ಎಂದ ಅಪ್ಪ.

ಮಗ್ಗದ ಹಾಸನ್ನು, ಅಂದರೆ ಉದ್ದಕ್ಕೆ ಹಾಯಿಸಿದ ನೂಲನ್ನು, ಬಿಗಿಯುವ ಹಗ್ಗ ಗೂಟಕ್ಕೆ ಸುತ್ತಿರುತ್ತದೆ. ನೇಯುತ್ತ ಅಪ್ಪ "ಬಿಡು" ಎಂದಾಗಲೆಲ್ಲ ಅದನ್ನು ಎರಡು ಬೆರಳಷ್ಟು ಸಡಿಲಿಸುವುದು ಮನೆಯಲ್ಲಿ ನನ್ನ ಕೆಲಸ. ಅಪ್ಪ ಈಗ ಒಂದು ದಪ್ಪ ಹಗ್ಗವನ್ನು ಎರಡೂ ಕೈ ಚಾಚಿ ಅಳೆದ. ಹತ್ತು ಮಾರು. ಒಂದು ತುದಿಯನ್ನು ಹಿಂದಿನ ಬಂಡಿಯ ಅಚ್ಚಿಗೆ ಕಟ್ಟಿ, ದಂಡೆಯ ಮೇಲಿನ ಕಲ್ಲುಗಂಬಕ್ಕೆ ಮೂರು ಸುತ್ತು ಹಾಕಿ, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟ.

"ಹಗ್ಗ ಮುಗ್ಯಾಕ ಬಂದ್ರ ಒದರಬೇ ಯವ್ವಾ. ನಾ ಗಾಲಿಗೆ ಕಲ್ಲು ಕೊಡ್ತೀನಿ, ನೀ ಕೆಳಗ ಬಂದು ಬ್ಯಾರೆ ಗಿಡಕ್ಕ ಸುತ್ತು."

"ಬಿಡು," ಎಂದ. ಬಿಟ್ಟೆ. "ಬಿಡು." ಬಿಟ್ಟೆ. ನನ್ನ ಕಣ್ಣು ಕಂಬದ ಮೇಲೆ, ಕಿವಿ ಅಪ್ಪನ ಕೂಗಿನ ಮೇಲೆ. ಒದರುವುದು ಮರೆತೇಹೋಯಿತು. ಹಗ್ಗ ಹೋಗುತ್ತಲೇ ಇತ್ತು, ಕೈಯಲ್ಲಿ ಉಳಿಯುತ್ತಲೂ ಇತ್ತು. ದೋಣಿಯವರ ಕೇಕೆ ಕೇಳಿ ತಲೆ ಎತ್ತಿದರೆ ಎರಡೂ ಬಂಡಿ ಕೆಳಗೆ ಮರಳಿನ ಮೇಲೆ ನಿಂತಿವೆ! ನಾನು ಕಂಬ ಬಿಟ್ಟು ಒಂದು ಹೆಜ್ಜೆಯೂ ಕದಲಿರಲಿಲ್ಲ.

ತುದಿ ಬಿಟ್ಟು ಕೆಳಗೆ ಓಡಿದೆ. ಅಪ್ಪ ಹಗ್ಗ ಎಳೆದುಕೊಂಡು ಅಳೆದ. ಹತ್ತು. ಮತ್ತೆ ಅಳೆದ. ಹತ್ತೇ. ಅಳತೆ ತಪ್ಪಿದ ಒಂದೇ ಒಂದು ಸೀರೆ ಅವನ ಮಗ್ಗದಿಂದ ಇಳಿದದ್ದಿಲ್ಲ.

ಚಿಕ್ಕವಳ ಕಣ್ಣಿಗೆ ಇಳಿಜಾರು ದೊಡ್ಡದಾಗಿ ಕಂಡಿರಬಹುದು ಅನ್ನುತ್ತೀರಾ? ಮದುವೆಯಾದ ಮೇಲೆ ಹೋಗಿ ಹೆಜ್ಜೆ ಹಾಕಿ ಅಳೆದು ಬಂದಿದ್ದೇನೆ. ಅದೇನೂ ಕುಗ್ಗಿರಲಿಲ್ಲ. ನನಗಂತೂ ಇವತ್ತಿಗೂ ಬಗೆಹರಿದಿಲ್ಲ.

ಅವತ್ತು ದೋಣಿಯವರು ನನ್ನನ್ನು ಎತ್ತಿ ದೋಣಿಯ ಮೂತಿಯಲ್ಲಿ ಕೂರಿಸಿದರು. ತಹಶೀಲ್ದಾರನ ಠೀವಿಯಲ್ಲಿ ಕುಳಿತು, ಕೂಸಿಗೆ ಹಾಲೂಡಿಸುತ್ತ ಮಲಗಿದ್ದ ಅವ್ವನನ್ನು ಕೇಳಿದೆ: "ಅವ್ವಾ, ಹತ್ತಽ ಮಾರಿತ್ತು, ಹ್ಯಾಂಗ ಸಾಕಾತು?"

ಅವ್ವ ಕಣ್ಣು ಕೂಡ ತೆರೆಯಲಿಲ್ಲ. "ಮುಗೀತಂತ ನೀ ಒದರಲೇ ಇಲ್ಲಲ್ಲ. ಪಾಪ, ಹಗ್ಗಕ್ಕ ಹ್ಯಾಂಗ ಗೊತ್ತಾಗಬೇಕು?"