ಅಪ್ ಅಂಡ್ ಡೌನ್ ಅಂದರೆ

ಆರು ಮಹಡಿಯ ಬಟ್ಟೆ ಅಂಗಡಿಯಲ್ಲಿ ಲಿಫ್ಟ್ ನಡೆಸುವವನನ್ನು ಎಲ್ಲರೂ ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಕೆಲಸ ಹೇಗಿದೆ ಎಂದು ಯಾರಾದರೂ ಕೇಳಿದರೆ, "ಏನಿದೆ, ದಿನವಿಡೀ ಅಪ್ ಅಂಡ್ ಡೌನ್. ನಾನೆಷ್ಟು ಮೇಲೆ ಹೋದ್ರೂ ಸಂಬಳ ಮಾತ್ರ ಕೆಳಗೇ ನಿಂತಿರುತ್ತೆ," ಎಂದು ನಗಿಸುತ್ತಿದ್ದ. ಪಕ್ಕದೂರಿನಿಂದ ದಿನಾ ರೈಲಿನಲ್ಲಿ ಬಂದು ಹೋಗುವ ಕ್ಯಾಷಿಯರಮ್ಮನೂ ತಾನು ಅಪ್ ಅಂಡ್ ಡೌನ್ ಮಾಡುತ್ತೇನೆ ಎನ್ನುತ್ತಿದ್ದಳು. ಓಡಾಟಕ್ಕೆ ಹೇಳುವ ಮಾತು ಅದು, ಅಷ್ಟೇ ಎಂದು ಅವನು ತಿಳಿದಿದ್ದ.

ತಾಯಿ ತೀರಿಕೊಂಡ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅಕ್ಕ. ಈಗ ಬೇರೆ ಊರಲ್ಲಿ ಮಗಳ ಮನೆಯಲ್ಲಿದ್ದಳು. ಮಂಡಿಗೆ ಆಪರೇಷನ್ ಆಗಿತ್ತು. ನಿಧಾನವಾಗಿ ಮೆಟ್ಟಿಲು ಹತ್ತಿ ಇಳಿಯಲು ಡಾಕ್ಟರ್ ಹೇಳಿದ್ದರು. "ನೀನೇ ಬಂದು ಇಲ್ಲೊಂದು ಲಿಫ್ಟ್ ಹಾಕ್ಕೊಡೋ," ಎಂದು ಫೋನಿನಲ್ಲಿ ತಮ್ಮನನ್ನು ರೇಗಿಸಿದ್ದಳು.

ರಿಯಾಯಿತಿ ಮಾರಾಟದ ದಿನ. ಲಿಫ್ಟಿನಲ್ಲಿ ಕಾಲಿಡಲು ಜಾಗವಿಲ್ಲ. ಆಗ ಅಕ್ಕನ ಮಗಳ ಫೋನ್ ಬಂತು. ಗದ್ದಲದಲ್ಲಿ ಅರ್ಧಂಬರ್ಧ ಕೇಳಿಸಿತು.

"ಮಾಮಾ, ಅಮ್ಮಂಗೆ ನಿನ್ನೆಯಿಂದ... ಅಪ್ ಅಂಡ್ ಡೌನ್ ಆಗ್ತಾನೇ ಇದೆ..."

ಅವನ ಕಣ್ಣಿಗೆ ಕಟ್ಟಿದ್ದು ಗೋಡೆ ಹಿಡಿದು ಮೆಟ್ಟಿಲೇರುತ್ತಿರುವ ಅಕ್ಕ. "ಆಗ್ಲಿ ಬಿಡಮ್ಮಾ, ಒಳ್ಳೇದೇ! ಇಲ್ಲಿ ನಾನು, ಅಲ್ಲಿ ಅವಳು!" ಎಂದು ಗಟ್ಟಿಯಾಗಿ ನಕ್ಕ.

ಆ ಕಡೆಯಿಂದ ಫೋನ್ ಕಟ್ಟಾಯಿತು. ಸಂಜೆ ತಾನೇ ಮಾಡಿದರಾಯಿತು ಎಂದುಕೊಂಡ. ಮರೆತ.

ಮರುದಿನ ಬೆಳಿಗ್ಗೆ ಅಕ್ಕನ ಅಳಿಯ ಫೋನ್ ಮಾಡಿದ. ಅಕ್ಕ ಹೋಗಿಬಿಟ್ಟಿದ್ದಳು.

ಎಲ್ಲ ಮುಗಿದು ಬಂದವರು ಚದುರಿದ ಮೇಲೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಅಕ್ಕನ ಮಗಳನ್ನು ಕೇಳಿದ: "ಚೆನ್ನಾಗಿ ಓಡಾಡ್ತಿದ್ದೋಳಿಗೆ ಇದ್ದಕ್ಕಿದ್ದ ಹಾಗೆ ಏನಾಯ್ತಮ್ಮಾ?"

ಪಾತ್ರೆ ತೊಳೆಯುತ್ತಿದ್ದವಳು ತಿರುಗಿದಳು. "ಓಡಾಡ್ತಿದ್ಲಾ? ಬಿಪಿ ಅಪ್ ಅಂಡ್ ಡೌನ್ ಆಗ್ತಿದೆ, ಬೇಗ ಬನ್ನಿ ಅಂತಲ್ವಾ ನಾನು ಫೋನ್ ಮಾಡಿದ್ದು? ನೀವು ನಕ್ರಿ ಮಾಮಾ."

ಅವನು ಜನ, ಗದ್ದಲ, ಮೆಟ್ಟಿಲು ಎಂದು ತೊದಲುತ್ತ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ನಂಬ್ತೀನಿ. ಆದ್ರೆ ಸಂಜೆ ಒಂದ್ಸಲ ಹೇಗಿದಾಳೆ ಅಂತ ಕೇಳ್ಬಾರ್ದಿತ್ತಾ? ಅಮ್ಮ ಬಾಗಿಲ ಕಡೆನೇ ನೋಡ್ತಿದ್ಲು. ಅವ್ನು ಏನಂದ ಅಂತ ಕೇಳಿದ್ಲು. ರಜಾ ಸಿಗ್ಲಿಲ್ವಂತೆ, ಫೋನಲ್ಲೇ ಅತ್ರು ಅಂತ ಸುಳ್ಳು ಹೇಳ್ದೆ."

"ಅದಕ್ಕೇನಂದ್ಲು?"

"'ಪಾಪ, ಅವ್ನು ಊಟ ಮಾಡಿದ್ನಂತಾ?' ಅಂದ್ಲು."

ಅವನು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕುಳಿತ. ಅವಳೆದುರು ಅಳುವುದಕ್ಕೂ ನಾಚಿಕೆಯಾಗಿ, ಗೋಡೆಯ ಕಡೆ ಮುಖ ತಿರುಗಿಸಿಕೊಂಡ.