ಸಿಲಿಂಡರಿನಲ್ಲಿ ನೀರು ಎಂದ ಬೆಳಗ್ಗೆ

ನಮ್ಮ ಪದ್ಮನಾಭನಗರದ ಬೀದಿಗೆ ಗ್ಯಾಸ್ ತರುವವರು ಸೋಮಲಿಂಗಪ್ಪ. ಹೊಸದುರ್ಗದ ಕಡೆಯವರು, ಮನೆ ಕುಮಾರಸ್ವಾಮಿ ಲೇಔಟ್. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ತುಂಬಿದ ಸಿಲಿಂಡರನ್ನು ಹೊರುವುದು ಕಡಿಮೆ, ಓರೆ ಮಾಡಿ ತಳದ ಬಳೆಯ ಮೇಲೆ ಉರುಳಿಸಿಕೊಂಡು ಬರುವುದೇ ಹೆಚ್ಚು. ಸೀಲು ತೋರಿಸುತ್ತಾರೆ, ತೂಗುತ್ತಾರೆ, ಬಾಯಿಗೆ ಸೋಪಿನ ನೀರು ಬಿಟ್ಟು ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಾರೆ. ಏಳದಿದ್ದರೂ ಇನ್ನೊಂದು ಸಲ ನೋಡುತ್ತಾರೆ. ಇಂಥವರು ನೀರು ತುಂಬಿದ ಸಿಲಿಂಡರ್ ಕೊಟ್ಟರೆಂದು ಹೋದ ಡಿಸೆಂಬರಿನಲ್ಲಿ ದೂರು ಹೋಯಿತು. ದೂರು ಕೊಟ್ಟವಳು ನಮ್ಮ ಪಕ್ಕದ ಮನೆಯ ಅಲಮೇಲು.

ಅಲಮೇಲು ಆರ್ಡರಿನ ಮೇಲೆ ಚಕ್ಕುಲಿ, ಕೋಡುಬಳೆ ಕರಿದು ಕೊಡುತ್ತಾಳೆ. ನಾನು ಚಕ್ಕುಲಿ ಒರಳು ಒತ್ತಲು ಹೋಗುತ್ತೇನೆ. ಅವತ್ತು ಮದುವೆ ಮನೆಯ ಆರ್ಡರು. ಬೆಳಗಿನ ಐದಕ್ಕೇ ದೊಡ್ಡ ಒಲೆಗಳೆರಡನ್ನೂ ಪೂರಾ ತಿರುಗಿಸಿ ಹಚ್ಚಿದ್ದಳು. ಸಿಲಿಂಡರ್ ಇದ್ದದ್ದು ಹೊರಗೆ, ಬಿಸಿಲು ಬೀಳದ ಓಣಿಯಲ್ಲಿ. ಎಂಟು ಗಂಟೆಗೆ ಉರಿ ಸಣ್ಣಗಾಯಿತು, ಎಂಟೂವರೆಗೆ ಸತ್ತೇ ಹೋಯಿತು. ಎಂಟು ದಿನ ಬರುವ ಸಿಲಿಂಡರು, ಹಾಕಿ ಐದೇ ದಿನ.

ಓಣಿಗೆ ಹೋಗಿ ನೋಡಿದೆವು. ಸಿಲಿಂಡರಿನ ಕೆಳಗಡೆ ಒಂದು ಗೇಣಿನಷ್ಟು ಹೊರಮೈ ಒದ್ದೆ. ಅದರ ಮೇಲೆಲ್ಲ ಒಣಗಿಯೇ ಇತ್ತು. ಅಲಮೇಲು ಅದನ್ನು ಹಿಡಿದು ಅಲುಗಿಸಿದಳು. ಒಳಗೆ ಕುಳುಕುಳು ಎಂದಿತು.

“ಕೇಳಿಸ್ತಾ ಅಜ್ಜಿ? ನೀರು! ಅರ್ಧ ನೀರು ತುಂಬಿಸಿ ತಂದು ಹಾಕಿದಾನೆ!”

ನನಗೂ ಹಾಗೇ ಅನ್ನಿಸಿತು, ಸುಳ್ಳು ಹೇಳಬಾರದು. ಅವಳು ಆಗಲೇ ಏಜೆನ್ಸಿಗೆ ಫೋನು ಮಾಡಿದಳು. ಅಲ್ಲಿದ್ದ ಹುಡುಗಿ, “ಹೋದ ವರ್ಷಾನೂ ಅವರ ಮೇಲೊಂದು ಕಂಪ್ಲೇಂಟ್ ಇದೆ ಮೇಡಂ. ಇದೂ ನಿಜ ಆದ್ರೆ ಇವತ್ತಿಗೇ ಕೆಲಸದಿಂದ ತೆಗೀತಾರೆ. ಅವರನ್ನೇ ಕಳಿಸ್ತೀನಿ,” ಎಂದಳು.

ಸೋಮಲಿಂಗಪ್ಪ ಬಂದರು. ಮುಖ ಬಿಳಿಚಿಕೊಂಡಿತ್ತು. ಅಲಮೇಲು ಬಾಗಿಲಲ್ಲೇ ಶುರು ಮಾಡಿದಳು.

“ಏನ್ರೀ, ನೀರು ಮಾರೋಕೆ ಶುರು ಮಾಡಿದೀರಾ?”

“ನೀರು ಮಾರೋ ಹಂಗಿದ್ರೆ ಟ್ಯಾಂಕರ್ ಓಡಿಸ್ತಿದ್ದೆ ಅಕ್ಕಾ. ಈ ಏರಿಯಾದಾಗೆ ಅದಕ್ಕೇ ಬೇಡಿಕೆ ಜಾಸ್ತಿ.”

“ತಮಾಷೆ ಬೇಡ. ಅಲುಗಿಸಿ ನೋಡಿ.”

ಅವರು ಅಲುಗಿಸಲಿಲ್ಲ. ಮೊದಲು ಒಲೆಯ ಗುಂಡಿ, ಆಮೇಲೆ ಸಿಲಿಂಡರಿನ ಬಾಯಿ ಎರಡನ್ನೂ ಮುಚ್ಚಿದರು. ನನ್ನ ಕೈ ಹಿಡಿದು ಒಣ ಜಾಗಕ್ಕೆ ಮುಟ್ಟಿಸಿದರು, ಆಮೇಲೆ ಒದ್ದೆ ಜಾಗಕ್ಕೆ. ಕೆಳಗೆ ಐಸಿನ ಹಾಗೆ ಕೊರೆಯುತ್ತಿತ್ತು.

“ಬರೀ ನೀರಾಗಿದ್ರೆ ಇಷ್ಟು ತಣ್ಣಗೆ ಯಾಕಾಗ್ತಿತ್ತು ಅಜ್ಜಿ? ಕುಳುಕುಳು ಅನ್ನೋದು ಗ್ಯಾಸೇ. ಒತ್ತಿ ಒತ್ತಿ ತುಂಬಿರೋದ್ರಿಂದ ಒಳಗೆ ನೀರಿನ ಥರ ಇರತ್ತೆ. ನಾವು ತಿರುಗಿಸಿದಾಗ ಒಂದಿಷ್ಟು ಆವಿಯಾಗಿ ಒಲೆಗೆ ಬರತ್ತೆ. ಆವಿ ಆಗೋಕೆ ಬಿಸಿ ಬೇಕಲ್ಲ, ಅದನ್ನ ಡಬ್ಬದ ಮೈಯಿಂದಲೇ ಎಳ್ಕೊಳ್ಳತ್ತೆ. ಇಂಜೆಕ್ಷನ್‌ಗೆ ಮುಂಚೆ ಸ್ಪಿರಿಟ್ ಒರೆಸಿದ್ರೆ ತಣ್ಣಗಾಗಲ್ವಾ, ಹಂಗೆ.”

“ಮತ್ತೆ ಹೊರಮೈ ಒದ್ದೆ ಯಾಕೆ?” ಎಂದು ನಾನು ಕೇಳಿದೆ.

“ಗಾಳೀಲಿರೋ ತೇವ. ತಣ್ಣನೆ ಲೋಟದ ಹೊರಗೆ ಹನಿ ಕೂರಲ್ವಾ? ಎಲ್ಲಿವರೆಗೆ ಒದ್ದೆ ಐತೋ ಅಲ್ಲಿವರೆಗೆ ಗ್ಯಾಸ್ ಐತೆ. ಎರಡು ಒಲೆ ಒಟ್ಟಿಗೆ ಎಳೆದ್ರಿ, ಅದಕ್ಕೆ ಚಳಿ ಹಿಡೀತು, ಆವಿಯಾಗೋದು ನಿಂತೋಯ್ತು. ಅಷ್ಟೇ.”

ಅಲಮೇಲು ಒಪ್ಪಲಿಲ್ಲ. “ಕಥೆ ಚೆನ್ನಾಗಿದೆ. ಹಚ್ಚಿ ತೋರಿಸಿ, ನಂಬ್ತೀನಿ. ತಾಳಿ, ಬಿಸಿನೀರು ಕಾಯಿಸ್ತೀನಿ.”

“ಅಯ್ಯೋ ಬೇಡ! ಬಿಸಿನೀರೂ ಬೇಡ, ಬೆಂಕಿ ಹತ್ರ ಇಡೋದೂ ಬೇಡ. ಸಂಪಿನ ನೀರು ಸಾಕು.”

“ಡಿಸೆಂಬರಲ್ಲಿ ತಣ್ಣೀರು ಹುಯ್ದು ಬಿಸಿ ಮಾಡ್ತೀರಾ?”

“ಸಿಲಿಂಡರಿಗಿಂತ ಆ ನೀರೇ ಬೆಚ್ಚಗೈತೆ ಅಕ್ಕಾ.”

ಹದಿನಾಲ್ಕು ಚೊಂಬು ಹೊಯ್ದರು, ಎಣಿಸಿದ್ದೇನೆ. ಆಮೇಲೆ ಸಿಲಿಂಡರನ್ನು ಗೇಟಿನ ಬಳಿ ಎಳೆಬಿಸಿಲಿಗೆ ಉರುಳಿಸಿ, ತಾವು ಮೆಟ್ಟಿಲ ಮೇಲೆ ಕುಳಿತರು. ಕಾಫಿ ಕೊಟ್ಟರೆ ಕುಡಿಯಲಿಲ್ಲ. ಏಜೆನ್ಸಿಯಿಂದ ಎರಡು ಸಲ ಫೋನು ಬಂತು, ತೆಗೆಯಲಿಲ್ಲ. ಅರ್ಧ ಗಂಟೆಯ ಮೇಲೆ ನಾನು ಮುಟ್ಟಿ ನೋಡಿದೆ. ಸಿಲಿಂಡರಿನ ಮೈ ಆಗಿನಂತೆ ಕೊರೆಯುತ್ತಿರಲಿಲ್ಲ. ಸಿಲಿಂಡರನ್ನು ಮತ್ತೆ ಓಣಿಗೆ ತಂದು, ಪೈಪು ಸಿಕ್ಕಿಸಿ, ಸೋಪಿನ ನೀರು ಬಿಟ್ಟು ನೋಡಿ, “ಒಂದೇ ಒಲೆ ಹಚ್ಚಿ ಅಕ್ಕಾ,” ಎಂದರು.

ಅಲಮೇಲು ಲೈಟರ್ ಒತ್ತಿದಳು. ನೀಲಿ ಉರಿ ಭುಗ್ಗೆಂದು ಎದ್ದಿತು. ನಾನು ಹತ್ತು ಚಕ್ಕುಲಿ ಒತ್ತಿ ಎಣ್ಣೆಗೆ ಬಿಟ್ಟೆ. ಹತ್ತೂ ಬೆಂದು ಕೆಂಪಗಾದರೂ ಉರಿ ಇಳಿಯಲಿಲ್ಲ.

ಅಲಮೇಲು ಕೈ ಒರೆಸಿಕೊಂಡು ಏಜೆನ್ಸಿಗೆ ಫೋನು ಹಚ್ಚಿದಳು.

“ನನ್ನ ಕಂಪ್ಲೇಂಟ್ ತೆಗೀರಮ್ಮ. ಅದರಲ್ಲಿ ನೀರಿಲ್ಲ.”

“ಕುಳುಕುಳು ಅಂತು ಅಂದ್ರಲ್ಲ ಮೇಡಂ?”

“ಅದು ಗ್ಯಾಸೇ.”

“ಗ್ಯಾಸ್ ಹೆಂಗೆ ಕುಳುಕುಳು ಅನ್ನತ್ತೆ ಮೇಡಂ?”

ಸೋಮಲಿಂಗಪ್ಪ ತಲೆ ಚಚ್ಚಿಕೊಂಡರು. ಅಲಮೇಲು ನಿಂತಲ್ಲೇ ಆ ಹುಡುಗಿಗೆ ಮೊದಲಿಂದ ಬಿಡಿಸಿ ಹೇಳಿದಳು, ಎರಡು ಸಲ ತಪ್ಪಿದಳು, ಎರಡು ಸಲವೂ ಸೋಮಲಿಂಗಪ್ಪ ಪಕ್ಕದಿಂದ ತಿದ್ದಿದರು. ಕೊನೆಗೆ ಆಚೆಯಿಂದ, “ಸರಿ, ತೆಗೆದೆ. ಅವರಿಗೆ ಬೇಗ ಹೊರಡೋಕೆ ಹೇಳಿ, ಇನ್ನೂ ಒಂಬತ್ತು ಮನೆ ಬಾಕಿ ಇದೆ,” ಎಂದು ಕೇಳಿಸಿತು.

ಅವರು ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಹೊರಟರು.